ಜಳಕದ ಪೈಪು

ಬಾಯ್ಲರ್ ಮನೆಗೆ ಹೊಸದಾಗಿ ಸೇರಿದವರಿಗೆ ಎಲ್ಲರೂ ಮೊದಲು ಸೇಫ್ಟಿ ವಾಲ್ವನ್ನು ತೋರಿಸುತ್ತಾರೆ. ಹಿತ್ತಾಳೆಯ ಬಿಲ್ಲೆ, ಸೀಲು, ದೊಡ್ಡ ಸಾಹೇಬರ ಸಹಿ ಎಲ್ಲ ಇರುವ ಮರ್ಯಾದಸ್ಥ ವಸ್ತು ಅದು. ಒಳಗಿನ ಒತ್ತಡ ಮಿತಿ ಮೀರಿದರೆ ತಾನೇ ಬಾಯಿ ತೆರೆದು ಉಗಿಯನ್ನು ಹೊರಗೆ ಬಿಡುತ್ತದೆ. ಹೊರಗೆ ಬಿಟ್ಟ ಉಗಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವಾಲ್ವಿನ ಬಾಯಿಗೆ ಒಂದು ಪೈಪು ಇರುತ್ತದೆ. ಅದಕ್ಕೆ ಬಿಲ್ಲೆ ಇಲ್ಲ, ಸೀಲಿಲ್ಲ, ಯಾರ ಸಹಿಯೂ ಇಲ್ಲ. ಆದ್ದರಿಂದ ಅದನ್ನು ಯಾರು ಬೇಕಾದರೂ ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು ಎಂದು ನಮ್ಮ ಜನ ನಂಬಿದ್ದಾರೆ. ನಾನೂ ಒಮ್ಮೆ ತಿರುಗಿಸಿದ್ದೆ. ನಾನು ತಿರುಗಿಸಿದ ಪೈಪು ಒಬ್ಬನ ಬೆನ್ನು ಸುಟ್ಟಿತು, ಇನ್ನೊಬ್ಬರ ಹೆಸರು ಕೆಡಿಸಿತು. ನನಗೆ ಏನೂ ಆಗಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ನನ್ನಂಥ ಪ್ರಾಮಾಣಿಕ ಫಿಟ್ಟರ್ ಇಲ್ಲವೆಂದು ಭಾಷಣ ಮಾಡಿ ಕಳಿಸಿದರು. ಆ ಗಡಿಯಾರ ಈಗ ದಾಂಡೇಲಿ ಪಕ್ಕದ ಕೋಗಿಲಬನದ ನಮ್ಮ ಮನೆಯಲ್ಲಿ ತನಗೆ ತೋಚಿದ ಸಮಯ ತೋರಿಸುತ್ತ ನೇತಾಡುತ್ತಿದೆ.

ದಾಂಡೇಲಿಯಲ್ಲಿ ಕೆಲಸಕ್ಕಿದ್ದೆ ಎಂದರೆ ಎಲ್ಲರೂ ದೊಡ್ಡ ಕಾಗದದ ಮಿಲ್ಲು ಅಂದುಕೊಳ್ಳುತ್ತಾರೆ. ನಮ್ಮದು ಅದಲ್ಲ. ರದ್ದಿ ಕಾಗದದಿಂದ ರಟ್ಟು ಮಾಡುವ ಒಂದು ಸಣ್ಣ ಕಾರ್ಖಾನೆ. ಈಗ ಅದರ ಜಾಗದಲ್ಲಿ ಗೋದಾಮು ಇದೆ. ಒಂದೇ ಬಾಯ್ಲರು, ಅದಕ್ಕೆ ಭತ್ತದ ಹೊಟ್ಟಿನ ಉರಿ. ಫೋರ್‌ಮನ್ ಶಿವಬಸಪ್ಪನವರು ಹಳಿಯಾಳ ಕಡೆಯ ಒಕ್ಕಲು ಮನೆತನದವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಎರಡನ್ನೂ ಬೆಳಿಗ್ಗೆಯೇ ಧರಿಸಿ ಬರುತ್ತಿದ್ದರು. ನಾನು ಸೇರಿದ ವಾರವೇ ಅವರು ನಟ್ಟು ಬಿಗಿಯುವ ಪಾನಾದಿಂದ ವಾಲ್ವಿನ ಪೈಪನ್ನು ಬಡಿದು ಪಾಠ ಮಾಡಿದರು.

"ವಾಲ್ವಿನ ಬಾಯಿಗಿಂತ ಪೈಪ ಸಣ್ಣದಿರಬಾರ್ದು. ಗಿಡ್ಡ ಇರ್ಬೇಕು, ಸೀದಾ ಹೋಗ್ಬೇಕು. ನಡುವ ಬಂದ್ ಮಾಡೂ ಕಾಕ್ ಹಾಕಬಾರ್ದು. ಅದರ ಭಾರ ವಾಲ್ವಿನ ಮ್ಯಾಲ ಹೇರಬಾರ್ದು, ಗ್ವಾಡಿಗೆ ಹಿಡೀಬೇಕು. ತಳದಾಗ ನೀರು ಸೋರಾಕ ತೂತು ಬೇಕು. ಮಂದಿ ಅಡ್ಡಾಡೂ ಕಡೆ ಅದರ ಬಾಯಿ ಇರಬಾರ್ದು. ತುದೀಗೆ ತಿರುಪಿನ ಥ್ರೆಡ್ ಹಾಕಬ್ಯಾಡ. ಥ್ರೆಡ್ ಕಂಡ್ರ ಯಾವನಾರ ಒಬ್ಬ ಮಂಗ್ಯಾ ಅದಕ್ಕ ಟೋಪಿ ಹಾಕಿ ಬಂದ್ ಮಾಡ್ತಾನ. ತಿಳೀತೇನ?"

"ತಿಳೀತ್ರಿ."

"ಏನೂ ತಿಳಿದಿಲ್ಲ. ಮಾರಿ ನೋಡಿದ್ರ ಗೊತ್ತಾಗ್ತೈತಿ."

ಅವರು ಹೇಳಿದ್ದು ನಿಜ. ನನಗೆ ಏನೂ ತಿಳಿದಿರಲಿಲ್ಲ. ಬಾಯಿಪಾಠ ಮಾತ್ರ ಆಗಿತ್ತು.

ಆ ವರ್ಷ ಚಳಿ ಜೋರಾಗಿತ್ತು. ಮೊದಲ ಪಾಳಿ ಮುಗಿಯುವ ಹೊತ್ತಿಗೆ ಹೊಟ್ಟಿನ ಬೂದಿ ಕಿವಿ, ಮೂಗು, ಹುಬ್ಬು ಎಲ್ಲ ಕಡೆ ತುಂಬಿರುತ್ತಿತ್ತು. ಬಾಯ್ಲರ್ ಮನೆಯ ಹಿಂದೆ ಒಂದು ಕಲ್ಲು, ಒಂದು ಡ್ರಮ್ಮು, ಕಾಳಿ ನದಿಯ ತಣ್ಣೀರು, ಇಷ್ಟೇ ನಮ್ಮ ಬಚ್ಚಲು. ರಟ್ಟು ಒಣಗಿಸುವ ಉರುಳೆಗಳಿಗೆ ಹೋಗುವ ಉಗಿಯ ಲೈನಿನ ಮೇಲೆ ಒಂದು ಸೇಫ್ಟಿ ವಾಲ್ವಿತ್ತು. ಅದರ ಮುಚ್ಚಳ ಕೂರುವ ಸೀಟು ಸವೆದು ಹೋಗಿ ಹಗಲೆಲ್ಲ ಸುಯ್ ಎಂದು ಉಗಿ ಸೋರುತ್ತಿತ್ತು. ಆ ಉಗಿ ದಪ್ಪ ಪೈಪಿನಲ್ಲಿ ಮಾಳಿಗೆ ದಾಟಿ ಆಕಾಶಕ್ಕೆ ಹೋಗುತ್ತಿತ್ತು. ಕೆಳಗೆ ನಾವು ಹಲ್ಲು ಕಟಕಟಿಸುತ್ತ ತಣ್ಣೀರು ಸುರಿದುಕೊಳ್ಳುತ್ತಿದ್ದೆವು. ಇದನ್ನು ನೋಡಿ ನೋಡಿ ನನ್ನ ಬುದ್ಧಿ ಚುರುಕಾಯಿತು. ಫಿಟ್ಟರನ ಬುದ್ಧಿ ಚುರುಕಾದಾಗ ಊರಿನವರು ದೂರ ಇರಬೇಕು.

ಫೋರ್‌ಮನ್ ನಾಲ್ಕು ದಿನ ರಜೆ ಹೋದಾಗ ನಾನು ದಪ್ಪ ಪೈಪನ್ನು ಬಿಚ್ಚಿದೆ. ಒಂದೂವರೆ ಇಂಚಿನ ಹಳೆ ಪೈಪು ಹುಡುಕಿ, ಪೈಪು ತಿರುಗಿಸುವ ಎರಡು ಮೊಣಕೈ ತುಂಡು ಹಾಕಿ, ಗೋಡೆಯಲ್ಲಿ ತೂತು ಕೊರೆದು ಅದನ್ನು ಹಿಂದಿನ ಡ್ರಮ್ಮಿಗೆ ಇಳಿಸಿದೆ. ನಡುವೆ ಅದು ಜೋತು ಬಿದ್ದಿತ್ತು. ಗೋಡೆಗೆ ಹಿಡಿಸುವ ಕ್ಲಾಂಪು ಸಿಗದ್ದರಿಂದ ತಂತಿಯಿಂದ ಕಟ್ಟಿದೆ. ಫೋರ್‌ಮನ್ ಹೇಳಿದ ನಿಯಮಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಒಂದೇ ಪೈಪಿನಲ್ಲಿ ಮುರಿದಿದ್ದೆ. ಆದರೆ ಅರ್ಧ ಗಂಟೆಯಲ್ಲಿ ಡ್ರಮ್ಮಿನ ನೀರು ಹದವಾಗಿ ಕಾದಿತ್ತು. ಆ ದಿನ ಹನ್ನೊಂದು ಜನ ಬಿಸಿನೀರಿನ ಜಳಕ ಮಾಡಿ ನನ್ನನ್ನು ಹರಸಿದರು. ಇಷ್ಟಾದರೂ ಯಂತ್ರಗಳಿಗೆ ಎಣ್ಣೆ ಹಾಕುವ ಒಬ್ಬ ಹಿರಿಯ, "ಯಾರ ಹೇಳಿದ್ರೋ ಇದನ್ನ ಹಾಕಂತ?" ಎಂದು ಕೇಳಿಯೇಬಿಟ್ಟ.

ನಾನು ಆಗಿನ್ನೂ ಬದಲಿ ಕಾರ್ಮಿಕ. ಹೆಸರು ಕಾಯಂ ಆಗಿರಲಿಲ್ಲ. "ಫೋರ್‌ಮನ್ ಸಾಹೇಬ್ರು ಹೇಳಿ ಹೋಗ್ಯಾರ" ಅಂದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಿಜವೆನ್ನಿಸಿತು. ಮರುದಿನ ಊರಿನಿಂದ ಬಂದ ಮಹಾದೇವನಿಗೂ ಅದನ್ನೇ ಹೇಳಿದೆ. ಮಹಾದೇವ ಬಾಯ್ಲರಿಗೆ ಹೊಟ್ಟು ಹಾಕುವ ಫೈರ್‌ಮನ್, ಬೆಳಗಾವಿ ಜಿಲ್ಲೆಯವನು, ನನ್ನ ಜೊತೆ ಒಂದೇ ಖೋಲಿಯಲ್ಲಿ ಇದ್ದವನು. "ಮುದುಕ ಬೈದ್ರೂ ಮನಸ್ಸು ಚಲೋ ಐತಿ ಬಿಡು" ಎಂದು ಅವನು ಫೋರ್‌ಮನ್ನರನ್ನು ಹೊಗಳಿದ.

ರಜೆ ಮುಗಿಸಿ ಬಂದ ಶಿವಬಸಪ್ಪನವರು ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ನನ್ನ ವಂಶದ ಪರಿಚಯ ಹೇಳಿದರು. ಕೊನೆಗೆ "ಬಿಚ್ಚು ಇದನ್ನ" ಎಂದು ಹೇಳುತ್ತಲೇ ಡ್ರಮ್ಮಿನಲ್ಲಿ ಕೈ ಅದ್ದಿದರು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ನಾಳೆ ಬಿಚ್ಚು" ಅಂದರು.

ಆ ನಾಳೆ ಮೂರು ತಿಂಗಳು ಬರಲಿಲ್ಲ. ಎರಡನೆಯ ದಿನದಿಂದ ಅವರು ಮನೆಯಿಂದ ಸಾಬೂನಿನ ಡಬ್ಬಿ ತರತೊಡಗಿದರು. ಮೊದಲ ಜಳಕ ಅವರದು. ಬೆನ್ನಿಗೆ ನೀರು ಸುರಿದುಕೊಳ್ಳುತ್ತ, ಮೇಲೆ ಪೈಪನ್ನು ನೋಡುತ್ತ, "ಲೇ ಈರ್ಯಾ, ನಾಳೆ ಬಿಚ್ಚಾಕ ನೆನಪು ಮಾಡು" ಅನ್ನುತ್ತಿದ್ದರು. ನಾನು ನೆನಪು ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಸುರಕ್ಷತಾ ಸಪ್ತಾಹವೂ ಬಂದು ಹೋಯಿತು. ಮ್ಯಾನೇಜರ್ ಬಾಯ್ಲರ್ ಮನೆಯ ಮುಂದೆ ನಿಂತು ಪ್ರತಿಜ್ಞೆ ಹೇಳಿಸಿದರು. ನಾವೆಲ್ಲ ಜಳಕ ಮಾಡಿ ಮಡಿಯಾಗಿ ನಿಂತು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದೆವು.

ಅನಾಹುತ ಆದದ್ದು ಒಂದು ಮಧ್ಯಾಹ್ನ. ಮೊದಲ ಪಾಳಿ ಬಿಟ್ಟಿತ್ತು. ಅಂದು ಫೋರ್‌ಮನ್ ಆಫೀಸಿಗೆ ಹೋಗಿದ್ದರಿಂದ ಮೊದಲ ಜಳಕ ಮಹಾದೇವನಿಗೆ ಸಿಕ್ಕಿತ್ತು. ಅವನು ಡ್ರಮ್ಮಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕುಳಿತು, ಮುಖಕ್ಕೆ ಸಾಬೂನು ಹಚ್ಚಿ ಹಾಡುತ್ತಿದ್ದ. ಒಳಗೆ ರಟ್ಟು ಹರಿದು ಯಂತ್ರ ನಿಂತಿತು. ಉರುಳೆಗಳಿಗೆ ಉಗಿ ಬೇಡವಾಯಿತು. ಲೈನಿನಲ್ಲಿ ಒತ್ತಡ ಏರಿತು. ಮೂರು ತಿಂಗಳು ಬರೀ ಸೋರುತ್ತಿದ್ದ ವಾಲ್ವು ತನ್ನ ನಿಜವಾದ ಕೆಲಸಕ್ಕೆ ಪೂರ್ತಿ ಬಾಯಿ ತೆರೆಯಿತು. ಅಷ್ಟು ಉಗಿ ನನ್ನ ಸಪೂರ ಪೈಪಿನಲ್ಲಿ ಹಿಡಿಸಲಿಲ್ಲ. ಜೋತು ಬಿದ್ದ ಕಡೆ ನಿಂತಿದ್ದ ನೀರನ್ನು ಮುಂದೆ ತಳ್ಳಿತು. ವಾಲ್ವು ಕಟಕಟ ಬಡಿದುಕೊಂಡಿತು, ತಂತಿ ಹರಿಯಿತು, ಪೈಪು ಡ್ರಮ್ಮಿನಿಂದ ಜಿಗಿದು ಕುದಿಯುವ ನೀರನ್ನೆಲ್ಲ ಎತ್ತಿ ಒಗೆಯಿತು. ಮಹಾದೇವನ ಹಾಡು ನಿಂತು ಅವನ ಕೂಗು ಶುರುವಾದದ್ದು ನನಗೆ ಈಗಲೂ ಕೇಳಿಸುತ್ತದೆ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು ಬೆಂದಿತ್ತು. ತಣ್ಣೀರು ಸುರಿದು, ಒದ್ದೆ ಬಟ್ಟೆ ಹೊದಿಸಿ, ಜೀಪಿನಲ್ಲಿ ಬೋರಲು ಮಲಗಿಸಿ ಆಸ್ಪತ್ರೆಗೆ ಒಯ್ದೆವು. ನಾನು ದಾರಿಯುದ್ದಕ್ಕೂ ಅವನ ಕೈ ಹಿಡಿದಿದ್ದೆ. ಹಿಡಿದ ಕೈಯೇ ಆ ಪೈಪನ್ನು ಹಾಕಿದ್ದು ಎಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ವಿಚಾರಣೆ. ಮ್ಯಾನೇಜರ್ ಮೇಜಿನ ಆಚೆ, ಶಿವಬಸಪ್ಪನವರು ಮತ್ತು ನಾನು ಈಚೆ. "ಯಾರು ಹಾಕಿದ್ದು?" ಎಂದು ಕೇಳಿದರು. ನಾನು ಪಕ್ಕಕ್ಕೆ ತಿರುಗಿ ಅವರ ಮುಖ ನೋಡಿದೆ.

"ನಾನ ಹಾಕ್ಸೀನ್ರಿ" ಅಂದರು ಶಿವಬಸಪ್ಪನವರು.

ಹೊರಗೆ ಬಂದ ಮೇಲೆ ನಾನು ಅವರ ಕಾಲಿಗೆ ಬೀಳಲು ಹೋದೆ. ಅವರು ಕಾಲು ಹಿಂದೆ ತೆಗೆದರು.

"ನಾಟಕ ಬ್ಯಾಡ. ನಿನ್ನ ಹೆಸರು ಹೇಳಿದ್ರ ನಿನ್ನ ಗೇಟಿನ ಹೊರಗ ಹಾಕ್ತಾರ. ನನ್ನ ರದ್ದಿ ಯಾರ್ಡಿಗೆ ಹಾಕ್ತಾರ, ಅಷ್ಟ. ನೀ ತಿಳೀಲಾರ್ದ ಹಾಕಿದಿ. ನಾ ಎಲ್ಲಾ ತಿಳಿದು ಮೂರು ತಿಂಗಳ ಅದರ ಕೆಳಗ ಕುಂತು ಬೆನ್ನು ತಿಕ್ಕೊಂಡೆ. ಯಾರದು ದೊಡ್ಡ ತಪ್ಪು ಹೇಳು?"

"ಆದ್ರ ಮಹಾದೇವಗ..."

"ಅವಗ ನೀನ ಹೇಳು. ನಿನಗ ಧೈರ್ಯ ಬಂದ ದಿನ ಹೇಳು."

ಅವರನ್ನು ನಿಜವಾಗಿಯೂ ರದ್ದಿ ಯಾರ್ಡಿಗೆ ಹಾಕಿದರು. ಅಷ್ಟು ದೊಡ್ಡ ಕೆಲಸಗಾರ ನಿವೃತ್ತಿಯವರೆಗೆ ಹಳೆ ಕಾಗದದ ಗಂಟುಗಳ ನಡುವೆ ಕುಳಿತರು. ನಾನು ಕಾಯಂ ಆದೆ. ಧೈರ್ಯ ಮಾತ್ರ ಕಾಯಂ ಆಗಲಿಲ್ಲ.

ಮಹಾದೇವ ನಾಲ್ಕು ತಿಂಗಳ ಮೇಲೆ ವಾಪಸು ಬಂದ. ಉರಿಯ ಮುಂದೆ ನಿಲ್ಲಲಾಗದೆ ಸ್ಟೋರಿನ ಕೆಲಸಕ್ಕೆ ಹೋದ. ಅಂದಿನಿಂದ ಯಾರೆದುರೂ ಅಂಗಿ ತೆಗೆದವನಲ್ಲ. ಬೇಸಿಗೆಯಲ್ಲೂ ಕೊರಳ ಗುಂಡಿ ಹಾಕಿಯೇ ಇರುತ್ತಿದ್ದ. ಚಹಾ ಕುಡಿಯುವಾಗಲೆಲ್ಲ "ಆ ಹಣಿ ತುಂಬ ಇಬತ್ತಿ ಹಚ್ಚೂ ಮುದುಕ ನನ್ನ ಬೆನ್ನು ಕುದಿಸಿದ" ಎಂದು ಬೈಯುತ್ತಿದ್ದ. ನಾನು ಎದುರು ಕುಳಿತು ಹ್ಞೂಂ ಅನ್ನುತ್ತಿದ್ದೆ. ಮೂವತ್ತು ವರ್ಷ ಹ್ಞೂಂ ಅಂದಿದ್ದೇನೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ಹೇಳುವ ಧೈರ್ಯ ಇಲ್ಲದವನು ಬೇರೆಯವರ ಪೈಪುಗಳ ಮೇಲೆ ಶೌರ್ಯ ತೋರಿಸತೊಡಗಿದೆ. ಕಾರ್ಖಾನೆಯಲ್ಲಿ ನನ್ನನ್ನು ಪೈಪಿನ ಹುಚ್ಚ ಎಂದೇ ಕರೆಯುತ್ತಿದ್ದರು. ಹೊರಗಿನಿಂದ ಬಂದ ಒಬ್ಬ ಸಾಹೇಬರಿಗೆ ವಾಲ್ವಿನ ಪೈಪು ಮಾಳಿಗೆಯ ಮೇಲೆ ಎದ್ದು ನಿಂತದ್ದು ಕುರೂಪವಾಗಿ ಕಂಡಿತು. ಅದನ್ನು ಬಗ್ಗಿಸಿ ಗಿಡಗಳ ಹಿಂದೆ ಮರೆಮಾಡಲು ಹೇಳಿದರು. "ಗಿಡದ ಹಿಂದ ಮಾಲಿ ಕುಂತಿರ್ತಾನ್ರಿ ಸಾಹೇಬ್ರ" ಅಂದೆ. ಅವರು ನಕ್ಷೆ ತೋರಿಸಿದರು. ನಕ್ಷೆಯಲ್ಲಿ ಮಾಲಿ ಇರಲಿಲ್ಲ. ನಾನು ಮಾಲಿಯನ್ನೇ ಕರೆತಂದು ಅವರ ಮುಂದೆ ನಿಲ್ಲಿಸಿದೆ. ಪೈಪು ಉಳಿಯಿತು, ಸಾಹೇಬರು ನನ್ನ ಮೇಲೆ ಮುನಿಸಿಕೊಂಡರು.

ನಿವೃತ್ತಿಯಾದ ಮೇಲೂ ಜನ ಕರೆಯುತ್ತಿದ್ದರು. ಹಳಿಯಾಳ ಕಡೆಯ ಒಂದು ಸಣ್ಣ ಭತ್ತ ಬೇಯಿಸುವ ಮಿಲ್ಲಿನಲ್ಲಿ ಪೈಪಿನ ಬಾಯಿಗೆ ಟೋಪಿ ಬಿಗಿದಿದ್ದರು. ಕೇಳಿದರೆ ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟುತ್ತದಂತೆ. ಹುಳದಿಂದ ಪೈಪನ್ನು ಕಾಪಾಡಲು ಪೈಪನ್ನೇ ಮುಚ್ಚಿದ್ದರು. ಶಿವಬಸಪ್ಪನವರು ಹೇಳಿದ ಮಂಗ್ಯಾನನ್ನು ಅಂತೂ ಕಣ್ಣಾರೆ ಕಂಡೆ. ಟೋಪಿ ಹಾಕಿಸಿದವರು ಮಾಲೀಕರೇ ಆಗಿದ್ದರಿಂದ ಅವರಿಗೆ ಹಾಗೆ ಹೇಳಲಿಲ್ಲ. ಟೋಪಿ ಬಿಚ್ಚಿ, ಥ್ರೆಡ್ ಇದ್ದ ತುದಿಯನ್ನೇ ಕತ್ತರಿಸಿ ಒಗೆದೆ.

ಮುಂಡಗೋಡದ ಹತ್ತಿರ ನೂರಾರು ಜನರಿಗೆ ಉಗಿಯಲ್ಲಿ ಅನ್ನ ಬೇಯಿಸುವ ಒಂದು ಅಡುಗೆಮನೆಯಲ್ಲಿ ಪೈಪಿನ ಬಾಯಿ ಸರಿಯಾಗಿ ಒಬ್ಬ ಅಜ್ಜಿಯ ಕಿವಿಯ ಮಟ್ಟಕ್ಕಿತ್ತು. ಅವಳು ದಿನಾ ಅಲ್ಲೇ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಇಲ್ಲ್ಯಾಕ ಕುಂತಿ ಯವ್ವಾ?" ಎಂದು ಕೇಳಿದೆ.

"ಬೆಚ್ಚಗಿರ್ತೈತೋ ಯಪ್ಪಾ" ಅಂದಳು.

ಪುಸ್ತಕದಲ್ಲಿ ಒತ್ತಡ, ವ್ಯಾಸ, ಬಾಗು ಎಲ್ಲ ಬರೆದಿರುತ್ತದೆ. ಬೆಚ್ಚಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಮನುಷ್ಯ ಹೋಗಿ ಪೈಪಿನ ಬಾಯಿಯ ಮುಂದೆ ಕೂರುತ್ತಾನೆ ಎಂದು ಬರೆದಿರುವುದಿಲ್ಲ. ಹೊಸಬರು ಇದನ್ನು ನೆನಪಿಡಬೇಕು. ಪೈಪು ಹಾಕುವ ಮೊದಲು ಸುತ್ತ ನೋಡಿ. ಅಲ್ಲಿ ಯಾರು ಕೂರುತ್ತಾರೆ, ಯಾರು ಬಟ್ಟೆ ಒಣಗಿಸುತ್ತಾರೆ, ಯಾರು ಬುತ್ತಿ ಬಿಸಿಗಿಡುತ್ತಾರೆ ಎಂದು ಕೇಳಿ. ಅಜ್ಜಿಯ ಕಿವಿಯ ಹತ್ತಿರದ ಆ ಪೈಪನ್ನು ನಾನು ಮೇಲಕ್ಕೆ ಎತ್ತಿ ಮಾಳಿಗೆ ದಾಟಿಸಿ, ಗೋಡೆಗೆ ಭದ್ರ ಹಿಡಿಸಿ ಬಂದೆ. ಅಜ್ಜಿ ಚಳಿಯಲ್ಲಿ ನನಗೆ ಶಾಪ ಹಾಕಿರಬೇಕು.

ಎರಡು ವರ್ಷದ ಹಿಂದೆ ಶಿವಬಸಪ್ಪನವರು ತೀರಿಕೊಂಡರು. ಮಣ್ಣಿಗೆ ಹೋಗೋಣ ಬಾ ಎಂದು ಮಹಾದೇವನನ್ನು ಕರೆದೆ. "ಬರೂದಿಲ್ಲ. ನನ್ನ ಬೆನ್ನು ನನ್ನ ಬಿಡೂದಿಲ್ಲ" ಅಂದ. ನಾನೊಬ್ಬನೇ ಹೋಗಿ ಹಿಡಿ ಮಣ್ಣು ಹಾಕಿ ಬಂದೆ. ಅವರು ಸತ್ತ ಮೇಲೂ ನನ್ನ ತಪ್ಪನ್ನು ಹೊತ್ತೇ ಮಲಗಿದ್ದರು. ಅವರ ಹೊಲದ ಬದುವಿನಲ್ಲಿ ನಿಂತು ಅತ್ತೆ. ಜನ ನನ್ನನ್ನು ಒಳ್ಳೆಯ ಶಿಷ್ಯ ಎಂದುಕೊಂಡರು.

ಈಗ ಹೋದ ಚಳಿಗಾಲದ ಮಾತು. ಮಹಾದೇವನ ಮಗಳು ಸುಜಾತಾ ಜೋಯಿಡಾ ದಾರಿಯಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಶುರು ಮಾಡಿದಳು. ದೋಣಿಯಾಟಕ್ಕೆ, ಮಂಗಟ್ಟೆ ಹಕ್ಕಿ ನೋಡಲು ಬರುವವರಿಗೆಂದು. ಪೂಜೆಯ ದಿನ ನಾವಿಬ್ಬರು ಮುದುಕರು ಬೆಳಿಗ್ಗೆಯೇ ಹೋದೆವು. ಹಿತ್ತಲಲ್ಲಿ ಬಿದಿರಿನ ತಟ್ಟಿ ಕಟ್ಟಿ ತೆರೆದ ಬಚ್ಚಲು ಮಾಡಿದ್ದಳು. ಪಟ್ಟಣದವರಿಗೆ ಕಾಡಿನ ಜಳಕ ಬೇಕಂತೆ. ನಮ್ಮ ಕಾಲದಲ್ಲಿ ಬಾಗಿಲು ಇಲ್ಲದ್ದಕ್ಕೆ ಬೈಯುತ್ತಿದ್ದೆವು, ಈಗ ಅದಕ್ಕೇ ದುಡ್ಡು ಕೊಡುತ್ತಾರೆ.

"ಕಾಕಾ, ಮೊದಲ ನೀವು ಮಾಡ್ರಿ. ಆಮ್ಯಾಲ ಅಪ್ಪ ಮಾಡ್ತಾನ" ಎಂದು ಸುಜಾತಾ ಟವೆಲ್ ಕೊಟ್ಟಳು.

ಒಳಗೆ ಹೋದೆ. ಹೊಗೆಯಾಡುವ ನೀರು. ಆಹಾ ಅನ್ನುತ್ತ ಎರಡು ಚರಗಿ ಸುರಿದುಕೊಂಡು, ತಲೆಯಿಂದ ಕಾಲಿನವರೆಗೆ ಸಾಬೂನು ಹಚ್ಚಿದೆ. ಆಗ ಒಂದು ಬದಿಯ ಮನೆಗೋಡೆಯ ಮೇಲೆ ಮೂರು ನಲ್ಲಿ ಕಂಡವು. ಬಿಸಿನೀರಿಗೊಂದು, ತಣ್ಣೀರಿಗೊಂದು. ಮೂರನೆಯದು ಯಾತಕ್ಕೆ? ಕತ್ತೆತ್ತಿ ನೋಡಿದೆ. ಮೇಲೆ ದೊಡ್ಡ ಗೀಸರು. ಅದರ ಸೇಫ್ಟಿ ವಾಲ್ವಿನಿಂದ ಒಂದು ಪ್ಲಾಸ್ಟಿಕ್ ಪೈಪು ಗೋಡೆಗುಂಟ ಇಳಿದು, ಕೂರುವ ಕಲ್ಲಿನ ಬೆನ್ನಿಗೆ ಸರಿಯಾಗಿ ಬಂದು, ಆ ಮೂರನೆಯ ನಲ್ಲಿಯಲ್ಲಿ ಮುಗಿದಿತ್ತು. ವಾಲ್ವಿನಿಂದ ಹನಿ ಬೀಳುತ್ತದೆ ಎಂದು ಪ್ಲಂಬರ್ ನಲ್ಲಿ ಹಾಕಿ ಮುಚ್ಚಿದ್ದ. ಗೀಸರಿನೊಳಗೆ ಗುಳುಗುಳು ಸದ್ದು ಬರುತ್ತಿತ್ತು. ಕಾದ ಮೇಲೆ ತಾನೇ ಆರಬೇಕಾದ ಅದರ ಕೆಂಪು ದೀಪ ಆರಿರಲಿಲ್ಲ. ಒಳಗೆ ಏರುವ ಒತ್ತಡಕ್ಕೆ ಹೊರಗೆ ದಾರಿಯೇ ಇರಲಿಲ್ಲ.

ನಾನು ಟವೆಲ್ ಸುತ್ತಿಕೊಂಡು, ಸಾಬೂನಿನ ನೊರೆಯಲ್ಲೇ ಹೊರಗೆ ಓಡಿ ಮೇನ್ ಸ್ವಿಚ್ಚು ಬಂದ್ ಮಾಡಿದೆ. ತಿರುಗಿ ನೋಡಿದರೆ ಬಚ್ಚಲಿನ ತಟ್ಟಿಯ ಹತ್ತಿರ ಮಹಾದೇವ ನಿಂತಿದ್ದ. ಹೆಗಲ ಮೇಲೆ ಟವೆಲು. ಮಗಳ ಮನೆಯೆಂದು ಅಂಗಿ ತೆಗೆದಿದ್ದ. ಒಳಗೆ ಹೋಗಲು ಅವನು ಆ ಕಡೆ ತಿರುಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಆ ಬೆನ್ನು ನೋಡಿದೆ. ಕುತ್ತಿಗೆಯಿಂದ ಸೊಂಟದವರೆಗೆ ಸುಕ್ಕುಗಟ್ಟಿ ಹೊಳೆಯುವ ಚರ್ಮ.

"ಒಳಗ ಹೋಗಬ್ಯಾಡೋ!" ಎಂದು ಕೂಗಿ ಅವನ ಕೈ ಹಿಡಿದು ಎಳೆದೆ.

"ಯಾಕಲೇ, ಹಾವು ಬಂತೇನ?"

"ಅದ ಪೈಪ ಮತ್ತ ಬಂದೈತಿ." ಅವನಿಗೆ ತಿಳಿಯಲಿಲ್ಲ. ನನಗೂ ನಿಲ್ಲಿಸಲಾಗಲಿಲ್ಲ. "ಮಹಾದೇವಾ, ಆವತ್ತಿನ ಪೈಪ ಹಾಕಿದಂವ ನಾನು. ಫೋರ್‌ಮನ್ ಅಲ್ಲ. ಅವ್ರು ಹೇಳ್ಯಾರಂತ ನಾ ಸುಳ್ಳ ಹೇಳಿದ್ದೆ. ಅವ್ರು ನನ್ನ ಉಳಿಸಾಕ ತಮ್ಮ ಮ್ಯಾಲ ತಗೊಂಡ್ರು. ನಾ ಇಷ್ಟ ವರ್ಷ ನಿನ್ನ ಮುಂದ ಕುಂತು ಹ್ಞೂಂ ಅಂದೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನ್ನ ಕಣ್ಣಿಗೆ ಸಾಬೂನು ಇಳಿಯುತ್ತಿತ್ತು. ಅಳುತ್ತಿದ್ದೆನೋ ಉರಿಯುತ್ತಿತ್ತೋ ನನಗೇ ಗೊತ್ತಾಗಲಿಲ್ಲ.

"ಸಾಬೂನು ತೊಳ್ಕೊ ಹೋಗು" ಎಂದು ಅಂಗಿ ಹಾಕಿಕೊಂಡು ಗುಂಡಿ ಹಚ್ಚಿದ.

ಗೀಸರು ಆರಿದ ಮೇಲೆ ನಾನು ಆ ಪೈಪನ್ನು ಕಿತ್ತೆ. ಪೂಜೆಯ ಭಟ್ಟರು ಮಂತ್ರ ಹೇಳುವಾಗ ನಾನು ಹಿತ್ತಲಲ್ಲಿ ಹ್ಯಾಕ್ಸಾ ಗರಗಸ ಹಿಡಿದಿದ್ದೆ. ಬಚ್ಚಲಿನ ಹೊರಗೆ, ಯಾರೂ ಕೂರದ ಚರಂಡಿಯ ಕಡೆಗೆ, ವಾಲ್ವಿನ ಬಾಯಿಯಷ್ಟೇ ಅಗಲದ ಲೋಹದ ಪೈಪನ್ನು ಇಳಿಜಾರಾಗಿ ಇಳಿಸಿದೆ. ಹನಿ ಬಿದ್ದರೆ ಎಲ್ಲರಿಗೂ ಕಾಣುವಂತೆ ಬಾಯಿ ತೆರೆದಿಟ್ಟೆ. ಮಹಾದೇವ ಪೂರ್ತಿ ಹೊತ್ತು ಎದುರಿನ ಕಟ್ಟೆಯ ಮೇಲೆ ಕುಳಿತು ನೋಡಿದ. ನನ್ನ ಜೀವನದಲ್ಲಿ ಎಷ್ಟೋ ಇನ್‌ಸ್ಪೆಕ್ಟರುಗಳು ಬಂದು ಹೋಗಿದ್ದಾರೆ, ಯಾರ ಮುಂದೆಯೂ ನಾನು ಒಂದೇ ಜೋಡಣೆಯನ್ನು ಮೂರು ಸಲ ಬಿಗಿದು ನೋಡಿರಲಿಲ್ಲ. ಕೊನೆಗೆ ಎದ್ದು ಬಂದು ಪೈಪಿನ ತುದಿಯನ್ನು ಬೆರಳಿನಿಂದ ಮುಟ್ಟಿದ.

"ಥ್ರೆಡ್ ಹಾಕಿಲ್ಲಲಾ?"

"ಇಲ್ಲ."

ಅಷ್ಟೇ. ಗೀಸರಿನ ಕೆಟ್ಟ ಥರ್ಮೋಸ್ಟಾಟ್ ಬದಲಿಸುವವರೆಗೆ ಯಾರೂ ಸ್ವಿಚ್ಚು ಹಾಕಬಾರದೆಂದು ಸುಜಾತಾಗೆ ಹೇಳಿ ನಾನು ಬಸ್ಸು ಹಿಡಿದೆ. ಮಹಾದೇವ ಮಗಳ ಮನೆಯಲ್ಲೇ ಉಳಿದ.

ಎಂಟು ದಿನ ಫೋನಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಮನೆಯ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಪೊಟ್ಟಣ.

"ನಡಿ, ಹೋಗೂಣು. ಮುದುಕನ್ನ ಎಲ್ಲಿ ಇಟ್ಟಾರ, ತೋರ್ಸು."

ಹಳಿಯಾಳ ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕುಳಿತ, ನಾನು ಹಿಂದಿನ ಸೀಟಿನಲ್ಲಿ. ಹೊಲದ ಬದುವಿನಲ್ಲಿ ಶಿವಬಸಪ್ಪನವರ ಸಮಾಧಿಯ ಗದ್ದುಗೆಗೆ ಸುಣ್ಣ ಬಳಿದಿದ್ದರು. ಮಹಾದೇವ ಪೊಟ್ಟಣ ಬಿಚ್ಚಿದ. ವಿಭೂತಿ ಗಟ್ಟಿ, ಎರಡು ಬಾಳೆಹಣ್ಣು, ಒಂದು ಸಾಬೂನು. ಮೂರನ್ನೂ ಸಾಲಾಗಿ ಇಟ್ಟ. ಕೈ ಮುಗಿದು ನಿಂತ.

"ಸಾಹೇಬ್ರ, ಇಷ್ಟ ವರ್ಷ ತಪ್ಪು ಮನುಷ್ಯಾಗ ಬೈದೆ. ಹೊಟ್ಟ್ಯಾಗ ಹಾಕ್ಕೋರಿ" ಅಂದ. ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಶುರು ಮಾಡಿದ. ಮೂವತ್ತು ವರ್ಷ ಬೇರೆಯವರ ಹೆಸರಿಗೆ ಹೋಗುತ್ತಿದ್ದ ಬೈಗುಳವೆಲ್ಲ ವಿಳಾಸ ತಿದ್ದಿಸಿಕೊಂಡು ನನಗೆ ಬಂತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಕೇಳಿದರು. ನಾನು ತಲೆ ಬಗ್ಗಿಸಿ ನಿಂತೆ. ಒಂದೊಂದು ಮಾತೂ ನನಗೆ ಸಲ್ಲಬೇಕಾದದ್ದೇ. ಬಸ್ಸಿನ ಹಾರ್ನ್ ಕೇಳುವವರೆಗೆ ಅವನು ನಿಲ್ಲಿಸಲಿಲ್ಲ.

ತಿರುಗಿ ಬರುವಾಗ ಅವನು ನನ್ನ ಪಕ್ಕದಲ್ಲೇ ಕುಳಿತ. ದಾಂಡೇಲಿ ಹತ್ತಿರ ಬಂದಾಗ ಮೆಲ್ಲಗೆ ಅಂದ:

"ಖರೇ ಹೇಳ್ತೀನಿ ಈರ್ಯಾ. ಆ ಮೂರು ತಿಂಗಳ ಮಾಡಿದಂಥಾ ಜಳಕ, ಮತ್ತ ಎಲ್ಲೂ ಸಿಗಲಿಲ್ಲ ನೋಡು."